ಸಾಲು ಬಿಟ್ಟ ಗಾಡಿ

ಅಮ್ಮಾಜಮ್ಮನ ಮುರಿದ ಬಲಗೈಗೆ ಬಿದಿರು ದಬ್ಬೆ ಕಟ್ಟಿ ವಾರ ಕಳೆದರೂ ಕೆಂಚಾರ್ಲಹಳ್ಳಿಯವರು ಅವಳ ಗಂಡ ನರಸಿಂಹಪ್ಪನನ್ನು ಹೊಗಳುವುದು ನಿಂತಿರಲಿಲ್ಲ. ಚಿಂತಾಮಣಿ ಸಂತೆಯಿಂದ ಬರುವಾಗ ಗುಡ್ಡದ ತಿರುವಿನಲ್ಲಿ ಕಳ್ಳರು ಗಾಡಿಗೆ ಅಡ್ಡ ಬಂದರು, ನರಸಿಂಹಪ್ಪ ಪಂಚೆಯೊಳಗಿಂದ ಪಿಸ್ತೂಲು ತೆಗೆದು ಓಡಿಸಿದ. ಊರಿನ ಮಾತು ಇಷ್ಟು. ಅದನ್ನು ಹುಟ್ಟಿಸಿದವನು ಅವನಲ್ಲ. ಇಲ್ಲ ಅಂದವನೂ ಅಲ್ಲ. ಹೆಂಡತಿಯೂ ಬಾಯಿ ಬಿಡಲಿಲ್ಲ. ಅವಳು ಎಡಗೈಯಲ್ಲಿ ಮುದ್ದೆ ಮುರಿಯುವುದನ್ನು ಕಂಡಾಗಲೆಲ್ಲ ಅವನು ತಟ್ಟೆ ಸರಿಸಿ ಏಳುತ್ತಿದ್ದ.

ಆ ಬೆಳಗ್ಗೆ ಅವಳ ತಮ್ಮ ಕೋನಪ್ಪ ಬಂದ.

"ಭಾವ, ನಂಗೂ ಅಂಥದೊಂದು ಪಿಸ್ತೂಲು ಕೊಡಿಸು. ಮಂಗೀನ ಹೆರಿಗೆಗೆ ತವರಿಗೆ ಬಿಡಬೇಕು. ಅದೇ ದಾರಿ."

"ನಾಲ್ಕು ಗಾಡಿ ಜೊತೇಲಿ ಹೋಗೋ."

"ಬಸವನಹುಳದಂಗೆ ತೆವಳ್ತವೆ ಅವು. ಸೊಂಟದಲ್ಲಿ ಅದಿದ್ರೆ ಯಾರಪ್ಪನ ಭಯ?"

ಸಂತೆಯ ದಿನ ನರಸಿಂಹಪ್ಪನೂ ಇದನ್ನೇ ಹೇಳಿ, ಜೊತೆಗಿದ್ದ ಗಾಡಿಗಳ ಸಾಲು ಬಿಟ್ಟು ತನ್ನ ಗಾಡಿ ಮುಂದಕ್ಕೆ ಹೊಡೆದಿದ್ದ. ತಿರುವಿಗೆ ಮೊದಲೇ ಅಮ್ಮಾಜಮ್ಮ ಹೇಳಿದ್ದಳು: "ಅಲ್ಲಿ ಇಬ್ಬರು ನಿಂತವ್ರೆ. ಸಂತೆಯಿಂದ ಬಂದೋರು ಅನ್ನೋಕೆ ಕೈಯಲ್ಲಿ ಗಂಟಿಲ್ಲ, ಚೀಲ ಇಲ್ಲ. ಎತ್ತು ತಿರುಗಿಸು."

"ಸುಮ್ನೆ ಕೂತ್ಕೊಳ್ಳೇ, ನನ್ನ ಹತ್ರ ಐತೆ" ಎಂದಿದ್ದ. ಹುಡುಗನಾಗಿದ್ದಾಗ ಗರಡಿಯಲ್ಲಿ ಕೋಲುವರಸೆ ಕಲಿತವನು. ಎದುರಿಗೆ ಬರುವವನ ಹೆಜ್ಜೆ ನೋಡು, ಭುಜ ನೋಡು ಎಂದು ಉಸ್ತಾದ್ ಬೈದು ಬೈದು ಕಲಿಸಿದ್ದ. ಪಿಸ್ತೂಲು ಬಂದ ಮೇಲೆ ಅವನು ಯಾರನ್ನೂ ನೋಡುವುದನ್ನೇ ಬಿಟ್ಟಿದ್ದ.

ಕೋನಪ್ಪನ ಮುಖ ನೋಡಿದ. ಅವನ ಹಿಂದೆ, ಗಾಡಿಯಲ್ಲಿ ಅವನ ಬಸುರಿ ಹೆಂಡತಿ ಮಂಗಮ್ಮ ಕೂತಂತೆ ಕಂಡಿತು. ಇನ್ನು ಸುಮ್ಮನಿದ್ದರೆ ಆಗದು.

"ಅದು ಹೊರಕ್ಕೇ ಬರ್ಲಿಲ್ಲ ಕಣೋ. ಉಡಿದಾರಕ್ಕೆ ಸಿಕ್ಕೊಂಡ್ತು. ನಾನು ಎಳೀತಾನೇ ಇದ್ದೆ. ನನ್ನ ತಲೆಗೆ ಬೀಳ್ತಿದ್ದ ದೊಣ್ಣೆಗೆ ನಿಮ್ಮಕ್ಕ ಕೈ ಅಡ್ಡ ಕೊಟ್ಲು. ಹಿಂದಿನ ಗಾಡಿಯೋರು ಕೂಗ್ತಾ ಬಂದಿದ್ದಕ್ಕೆ ಅವ್ರು ಓಡಿದ್ರು."

ಕೋನಪ್ಪ ನಕ್ಕ. "ನಿಂಗೆ ವಯಸ್ಸಾಯ್ತು ಭಾವ. ನನ್ನ ಕೈ ಹಂಗಲ್ಲ."

ನರಸಿಂಹಪ್ಪ ಒಳಗಿಂದ ಪಿಸ್ತೂಲು ತಂದು, ಗುಂಡು ತೆಗೆದು ಅವನ ಕೈಗಿಟ್ಟ. "ಸಿಕ್ಕಿಸ್ಕೊ. ನಾನು ಬರ್ತೀನಿ, ನೀನು ತೆಗಿ."

ಅಂಗಳದ ಆ ತುದಿಗೆ ಹೋಗಿ, ಗೋಡೆಗೆ ಒರಗಿಸಿದ್ದ ದೊಣ್ಣೆ ಹಿಡಿದು ನುಗ್ಗಿದ. ಕೋನಪ್ಪನ ಕೈ ಪಂಚೆಯ ಮಡಿಕೆಯೊಳಗೇ ತಡವರಿಸಿತು. ದೊಣ್ಣೆ ಅವನ ಕಿವಿಯ ಪಕ್ಕ ಬಂದು ನಿಂತಿತು.

"ಸತ್ತೆ ಕಣೋ ನೀನು!"

ಅಷ್ಟರಲ್ಲಿ ಬಾಗಿಲಲ್ಲಿ ಚೊಂಬು ಬಿದ್ದ ಸದ್ದಾಯಿತು. ತಮ್ಮನಿಗೆ ಮಜ್ಜಿಗೆ ತರುತ್ತಿದ್ದ ಅಮ್ಮಾಜಮ್ಮ ಹೊಸ್ತಿಲಲ್ಲೇ ಕುಸಿದಿದ್ದಳು. ಎಡಗೈ ತಲೆಯ ಮೇಲಿತ್ತು. ದಬ್ಬೆ ಕಟ್ಟಿದ ಕೈಯನ್ನೂ ಎತ್ತಲು ಹೋಗಿ ನೋವಿಗೆ ಮುಖ ಕಿವುಚಿಕೊಂಡಿದ್ದಳು. ಕಣ್ಣು ಬಿಡಲಿಲ್ಲ.

ಕೋನಪ್ಪ ಪಿಸ್ತೂಲನ್ನು ಜಗಲಿಯ ಮೇಲಿಟ್ಟ. "ಜೊತೆ ಗಾಡಿ ಸಿಕ್ಕಿದ ದಿನವೇ ಹೋಗ್ತೀನಿ ಅಕ್ಕಾ. ಏಳಕ್ಕಾ."

ನರಸಿಂಹಪ್ಪ ಓಡಿ ಬಂದು ಅವಳ ಮುಂದೆ ಬಗ್ಗಿದ. ಅವಳು ಕಣ್ಣು ತೆರೆದು ನೋಡಿ ಇನ್ನಷ್ಟು ಮುದುಡಿದಳು.

"ಮೊದ್ಲು ಅದನ್ನ ಕೆಳಗಿಡು" ಅಂದಳು.

ದೊಣ್ಣೆ ತನ್ನ ಕೈಯಲ್ಲೇ ಇದೆ ಎಂದು ಅವನಿಗೆ ಆಗ ತಿಳಿಯಿತು.