ಬಿಸಿಲಿಗೆ ಬೆನ್ನು ಕೊಟ್ಟ ನೀಲಿ

ಪ್ಲಿಮತ್‌ನ ನಮ್ಮ ಬಡಾವಣೆಯಲ್ಲಿ ಸಂಗನಬಸಪ್ಪನವರು ಬೆಳಿಗ್ಗೆ ಪಶ್ಚಿಮಕ್ಕೂ ಸಂಜೆ ಪೂರ್ವಕ್ಕೂ ಮುಖಮಾಡಿಯೇ ನಡೆಯುತ್ತಾರೆ. ಸೂರ್ಯ ಸದಾ ಬೆನ್ನಿಗೇ ಬೀಳಬೇಕು. ಮರಳುವಾಗ ಆ ನಿಯಮ ಕೆಡುವುದರಿಂದ ಗಂಗಮ್ಮನವರು ಕಾರು ತಂದು ಪತಿಯನ್ನು ಕರೆದೊಯ್ಯುತ್ತಾರೆ. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟಿನ ಜುಲೈನಲ್ಲೂ ಕಳಚದ ಕರಿಯ ಕೋಟಿನ ಹಿಂಬದಿಗೆ ಅಂಗೈಯಗಲದ ನೀಲಿ ಬಟ್ಟೆಯೊಂದನ್ನು ದಪ್ಪ ದಾರದಲ್ಲಿ ಹೊಲಿದುಕೊಂಡಿದ್ದಾರೆ. ಯಾವುದೋ ವ್ರತವಿರಬೇಕೆಂದು ನಾನು ಬಹುಕಾಲ ತಿಳಿದಿದ್ದೆ.

ವಾರೆನ್‌ನಲ್ಲಿ ಮೂವತ್ತು ವರ್ಷ ಕಾರಿನ ಸೀಟುಬಟ್ಟೆಯ ಬಣ್ಣ ಪರೀಕ್ಷಿಸಿ ನಿವೃತ್ತರಾದ ಈ ಮನುಷ್ಯನಿಗೆ ಆಫ್ರಿಕದ ನಿದ್ರಾರೋಗದ ನಂಟು ಅಂಟಿದ್ದು ಲೀನಾಳಿಂದ. ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ಈ ತರುಣಿಯ ಪುಟ್ಟ ಸಂಸ್ಥೆ, ರೋಗ ಹರಡುವ ತ್ಸೆತ್ಸೆ ನೊಣವನ್ನು ಕೊಲ್ಲಲು ಕಾಂಗೋದ ನದೀತೀರಗಳಿಗೆ ವಿಷ ಲೇಪಿಸಿದ ನೀಲಿ ಬಟ್ಟೆ ಕಳಿಸುತ್ತದೆ. ನೊಣ ನೀಲಿಗೆ ಮರುಳಾಗಿ ಬರುತ್ತದೆ, ತಾಗುತ್ತದೆ, ಸಾಯುತ್ತದೆ. ನೀಲಿ ಮಾಸಿದರೆ ಅತ್ತ ಸುಳಿಯುವುದೂ ಅಪರೂಪ. ಬಿಸಿಲಿಗೆ ಮಾಸದ ನೀಲಿ ಯಾವುದೆಂದು ಹೇಳುವ ಹೊಣೆ ಸಂಗನಬಸಪ್ಪನವರದು; ಬೆನ್ನಿನ ತುಂಡು ಆ ಪರೀಕ್ಷೆಗೇ.

ಬಿಸಿಲು ಕಾಣದ ಮೂಲ ತುಂಡೊಂದು ಗಂಗಮ್ಮನವರ ಕಪಾಟಿನಲ್ಲಿತ್ತು. ಅದರೊಡನೆ ಹೋಲಿಸುವುದೆಂದರೆ ಸಂಗನಬಸಪ್ಪನವರಿಗೆ ಅವಮಾನ. "ಕಣ್ಣಿಗೆ ನೆನಪೈತಿ" ಎನ್ನುತ್ತಿದ್ದರು.

ಈ ಮಾರ್ಚಿನಲ್ಲಿ ಬಟ್ಟೆ ಹೊರಡಬೇಕಿದ್ದಾಗ ಕೋಟನ್ನು ಕಿಟಕಿಗೆ ಹಿಡಿದು, ನೀಲಿ ಬೂದುಬಣ್ಣಕ್ಕೆ ತಿರುಗಿದೆಯೆಂದರು. "ಬ್ಯಾಡವ್ವಾ, ಕಳಸಬ್ಯಾಡ." ಅಂಕಲ್ ಹೇಳಿದರೆಂದು ಲೀನಾ ಎಲ್ಲವನ್ನೂ ತಡೆದಳು.

ಮೇ ತಿಂಗಳಲ್ಲಿ ಅವರ ಬಲಗಣ್ಣಿನ ಪೊರೆ ತೆಗೆದರು. ವಾರದ ನಂತರ ನಾನು ನೋಡಲು ಹೋದಾಗ, ಕೋಟನ್ನು ತೊಡೆಯ ಮೇಲೆ ಹರಡಿಕೊಂಡು ಒಮ್ಮೆ ಈ ಕಣ್ಣು, ಒಮ್ಮೆ ಆ ಕಣ್ಣು ಮುಚ್ಚಿ ನೋಡುತ್ತ ಕುಳಿತಿದ್ದರು. ಎಡಗಣ್ಣಿಗೆ ಬೂದು, ಬಲಗಣ್ಣಿಗೆ ನೀಲಿ. ಗಂಗಮ್ಮನವರು ಕಪಾಟಿನ ತುಂಡನ್ನು ತಂದು ಪಕ್ಕದಲ್ಲಿಟ್ಟರು. ಎರಡೂ ಒಂದೇ ಬಣ್ಣವಾಗಿದ್ದವು.

ಎರಡು ತಿಂಗಳು ಆ ಊರುಗಳು ಬಟ್ಟೆಯಿಲ್ಲದೆ ಕಳೆದಿದ್ದವು. ಸಂಗನಬಸಪ್ಪನವರು "ಮತ್ತೊಮ್ಮೆ ಪರೀಕ್ಷಿಸಿದೆ, ಸರಿಯಿದೆ" ಎಂದಷ್ಟೇ ಹೇಳಿದ್ದರೆ ಯಾರೂ ಕೆದಕುತ್ತಿರಲಿಲ್ಲ. ಅವರು ನನ್ನೆದುರಿಗೇ ಲೀನಾಳಿಗೆ ಫೋನ್ ಮಾಡಿದರು.

"ಬಟ್ಟೀದು ತಪ್ಪಿಲ್ಲವ್ವಾ, ನನ್ನ ಕಣ್ಣಿಂದು ತಪ್ಪು. ಇವತ್ತ ಕಳಸು. ಇನ್ನ ಮ್ಯಾಲೆ ನಾ ಏನ ಹೇಳಿದ್ರೂ, ಕಪಾಟಿನ ತುಂಡಿನ ಜೋಡಿ ಹಿಡದು ನೋಡೀರೇನು ಅಂತ ಕೇಳು."

"ಇಟ್ಸ್ ಓಕೆ, ಅಂಕಲ್."

"ಓಕೆ ಅಲ್ಲ. ಬರಕೋ."

ಬಟ್ಟೆಯನ್ನು ಬಿಸಿಲಿಗೆ ಹಿಡಿಯುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ತಮ್ಮ ಕಣ್ಣನ್ನೂ ಅದೇ ಬಿಸಿಲಿಗೆ ಹಿಡಿಯಬಲ್ಲವರು ವಿರಳ. ಒಂದು ರೋಗ ನಿಜವಾಗಿ ಕೊನೆಗಾಣುವುದಿದ್ದರೆ ಅಂಥವರ ಕೈಯಲ್ಲೇ.