ಮುನ್ನೂರ ಹನ್ನೆರಡು ಜೊತೆ ಕಾಲು

“ಭೂಮಿ ಮೇಲೆ ನಡೆದಾಡೋ ಕಾಲುಗಳಲ್ಲಿ ಅರ್ಧಕ್ಕರ್ಧ ನನ್ನ ತೊಡೆ ಮೇಲೆ ಕೂತು ಎದ್ದು ಹೋಗಿವೆ. ಮಿಕ್ಕಿದ್ದು ಸರದೀಲಿ ನಿಂತಿವೆ. ಅಂಥವನಿಗೆ ಈ ತಗಡಿನ ಡಬ್ಬ ಬುದ್ಧಿ ಹೇಳೋಕೆ ಬರುತ್ತಾ?”

ತುತ್ತೂರಿ ಕಂಪ್ಯೂಟರಿನ ಮುಂದೆ ನಿಂತು ಗುಡುಗಿದ. ಆ ಗುಡುಗಿಗೆ ಬೀದಿಯ ಆಚೆ ತುದಿಯ ಬೇಕರಿಯಲ್ಲಿ ಉಬ್ಬುತ್ತಿದ್ದ ಬ್ರೆಡ್ಡು ಕುಸಿದು ಕೂತಿತು. ಎದುರಿನ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡಿದ್ದವನೊಬ್ಬ ಉಳಿದರ್ಧವನ್ನು ಹಾಗೇ ಬಿಟ್ಟು ಕಾಲಿಗೆ ಬುದ್ಧಿ ಹೇಳಿದ. ಕಂಪ್ಯೂಟರು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಪರದೆಯ ನಡುವೆ ಅದೇ ನೀಲಿ ಚೌಕ. ‘ಹೊಸ ಸಿಸ್ಟಮ್ ಸಿದ್ಧವಾಗಿದೆ.’ ಕೆಳಗೆ ಎರಡು ಗುಂಡಿ: ‘ಈಗಲೇ ಹಾಕು’, ‘ನಾಳೆ ನೆನಪಿಸು’.

ತುತ್ತೂರಿ ಎಂಬುದು ಬೀದಿಯವರು ಇಟ್ಟ ಹೆಸರು. ಎದುರಿಗೆ ‘ಯಜಮಾನ್ರೇ’ ಎನ್ನುವವರೇ ಅವನು ಅತ್ತ ತಿರುಗಿದೊಡನೆ ಬಾಯಿಗೆ ಮುಷ್ಟಿ ಹಿಡಿದು ಊದಿ ತೋರಿಸುತ್ತಿದ್ದರು. ಅಂಗಡಿಯ ಶೂ ಹಿಡಿಸದ ಕಾಲುಗಳಿಗೆ ಶೂ ಮಾಡುವುದು ಅವನ ಕಸುಬು. ಒಂದು ಕಾಲು ಗಿಡ್ಡವಾದವರು, ಪಾದ ಒಳಕ್ಕೆ ತಿರುಗಿದವರು, ಬೆರಳು ಕಳೆದುಕೊಂಡವರು ಅವನಲ್ಲಿಗೆ ಬರುತ್ತಿದ್ದರು. ಮೊದಲು ಅವರ ಪಾದದ ಹಾಗೇ ಇರುವ ಒಂದು ಮರದ ಅಚ್ಚು, ಆಮೇಲೆ ಅದರ ಮೇಲೆ ಚರ್ಮ. ಅಚ್ಚು ಕೂದಲೆಳೆಯಷ್ಟು ತಪ್ಪಿದರೂ ಕಾಲು ಹುಣ್ಣು.

“ಇವತ್ತು ‘ನಾಳೆ’ ಅನ್ನೋ ಹಾಗಿಲ್ಲ, ಅಪ್ಪ,” ಎಂದಳು ಮಗಳು. ಹೊಲಿಗೆಯ ಮೆಷಿನ್ನಿನಿಂದ ಎದ್ದು ಬಂದವಳ ಬಾಯಲ್ಲಿ ಇನ್ನೂ ದಾರದ ತುದಿ ಇತ್ತು. “ಎಂಟು ತಿಂಗಳಿಂದ ನಾಳೆ ನಾಳೆ ಅಂತ ಒತ್ತಿದ್ದೀಯ. ಆಸ್ಪತ್ರೆಯವರ ಕಾಗದ ಓದಿದೆಯಲ್ಲ? ಈ ತಿಂಗಳ ಕೊನೆಯೊಳಗೆ ಹೊಸ ಸಿಸ್ಟಮ್ ಇಲ್ಲದಿದ್ರೆ ಅವರು ನಮಗೆ ಒಬ್ಬ ರೋಗೀನೂ ಕಳಿಸಲ್ಲ. ಹಳೇದರಲ್ಲಿ ಕಳ್ಳರು ನುಗ್ತಾರಂತೆ.”

“ನುಗ್ಗಲಿ! ನನ್ನ ಹತ್ರ ಕದಿಯೋಕೆ ಏನಿದೆ, ಕಾಲು! ಕದ್ದ ಕಾಲಲ್ಲಿ ಎಷ್ಟು ದೂರ ಓಡ್ತಾನೆ ಅವನು?”

“ತಮಾಷೆ ಬೇಡ.”

“ತಮಾಷೆಯೇನೇ? ಮುನ್ನೂರ ಹನ್ನೆರಡು ಹಳೇ ಗಿರಾಕಿಗಳ ಕಾಲು ಅದರೊಳಗಿದೆ. ನೀನು ಆ ಗುಂಡಿ ಒತ್ತಿ, ಅದು ಗುಳುಂ ಅಂತ ನುಂಗಿಬಿಟ್ರೆ ಯಾರ ಬಾಗಿಲಿಗೆ ಹೋಗಿ ನಿಂತ್ಕೋತೀಯ?”

ಆ ಪ್ರಶ್ನೆಗೆ ಅರ್ಥವಿತ್ತು. ಏಳು ವರ್ಷದ ಹಿಂದೆ ಅಚ್ಚು ಕೆತ್ತುವ ಯಂತ್ರ ಬಂದ ದಿನ ತುತ್ತೂರಿ ಬೀದಿಯನ್ನೆಲ್ಲ ಕರೆದು ಭಾಷಣ ಮಾಡಿದ್ದ. ಗಾಜಿನ ಹಲಗೆಯ ಮೇಲೆ ಒಮ್ಮೆ ಕಾಲಿಟ್ಟರೆ ಸಾಕು, ಕಾಲಿನ ಏರುತಗ್ಗೆಲ್ಲ ಕಂಪ್ಯೂಟರಿನೊಳಗೆ. ಆಮೇಲೆ ಯಾವಾಗ ಬೇಕೆಂದರೂ ಹಿಂದಿನ ಕೋಣೆಯ ಯಂತ್ರ ಅಂಥದೇ ಅಚ್ಚು ಕೆತ್ತಿ ಕೊಡುತ್ತದೆ. “ಇನ್ನು ಈ ಮರ ಯಾಕೆ?” ಎಂದು ತಾನು ಮೂವತ್ತು ವರ್ಷ ಉಳಿ ಹಿಡಿದು ಕೆತ್ತಿದ್ದ ಅಚ್ಚುಗಳನ್ನೆಲ್ಲ ಗಾಡಿಗೆ ತುಂಬಿಸಿ ಬೇಕರಿಯ ಒಲೆಗೆ ಕಳಿಸಿಬಿಟ್ಟ. ಆ ವಾರ ಊರು ತಿಂದ ಬ್ರೆಡ್ಡಿನಲ್ಲಿ ಎಲ್ಲರ ಕಾಲೂ ಇತ್ತು. ಅಂದಿನಿಂದ ಕೆಲಸ ಮುಗಿದ ಅಚ್ಚಿಗೆಲ್ಲ ಬೇಕರಿಯೇ ಗತಿ. ಹಾಗಾಗಿ ಹಳೇ ಗಿರಾಕಿಗಳ ಕಾಲು ಉಳಿದಿದ್ದರೆ ಈ ಡಬ್ಬದಲ್ಲೇ ಉಳಿದಿರಬೇಕು.

“ಅದಕ್ಕೇ ಮೊದಲು ನಕಲು ಮಾಡ್ತೀನಿ,” ಎಂದು ಮಗಳು ಚೀಲದಿಂದ ಅಂಗೈಯಗಲದ ಹೊಸ ಡಿಸ್ಕ್ ತೆಗೆದಳು. “ಒಂದೊಂದೇ ಕಾಲು ತೆರೆದು ನೋಡಿ ಇದಕ್ಕೆ ಹಾಕ್ತೀನಿ. ಆಮೇಲೇ ಗುಂಡಿ.”

ತುತ್ತೂರಿಯ ಮುಖದ ಬಣ್ಣ ಒಂದು ಚೂರು ಇಳಿಯಿತು, ದನಿ ನಾಲ್ಕು ಪಟ್ಟು ಏರಿತು. “ನಕಲಾ? ನಾನು ಏಳು ನಕಲು ಮಾಡಿಟ್ಟಿದ್ದೀನಿ! ಒಂದು ಬ್ಯಾಂಕಿನ ಲಾಕರಲ್ಲಿದೆ. ಒಂದು ಸಮುದ್ರದಾಚೆ ಇದೆ. ಕಂಪನಿಯವರೇ ನನ್ನ ಕೈ ಹಿಡಿದು ಕೇಳಿದ್ರು, ಹೇಗೆ ಮಾಡಿದ್ರಿ ಅಂತ!”

“ರೈಲು ಬಿಡಬೇಡ. ಹಳೇ ಕಡತಗಳ ಪಾಸ್‌ವರ್ಡ್ ಹೇಳು.”

“ಸತ್ತರೂ ಹೇಳಲ್ಲ. ಅದು ನನ್ನ ಕೋಣೆ, ನನ್ನ ಯಂತ್ರ, ನನ್ನ ಪಾಸ್‌ವರ್ಡು. ನೀನು ಹುಟ್ಟೋಕೆ ಮೊದಲು ನಾನು—”

“ಹಾಗಾದ್ರೆ ಒಂದನೇ ತಾರೀಕಿಂದ ನಾನು ಬೇರೆ ಕಡೆ ಕೆಲಸಕ್ಕೆ ಹೋಗ್ತೀನಿ,” ಎಂದಳು ಮಗಳು. ಕೂಗಲಿಲ್ಲ. ಬಾಯಿಯ ದಾರವನ್ನು ತೆಗೆದು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು; ಬೆರಳ ತುದಿ ಬಿಳಚಿಕೊಂಡಿತು. “ಹನ್ನೊಂದು ವರ್ಷ ನಿನ್ನ ಬಾಯಿಗೆ ಕಿವಿ ಕೊಟ್ಟಿದ್ದು ಸಾಕು. ನೀನು ನಿನ್ನ ಡಬ್ಬ ಕಟ್ಕೊಂಡು ಕೂತ್ಕೋ.”

ಅಷ್ಟರಲ್ಲಿ ಬಾಗಿಲಲ್ಲಿ ಟಕ್, ಟುಕ್ ಎಂಬ ಎರಡು ಬೇರೆ ಬೇರೆ ಹೆಜ್ಜೆಯ ಸದ್ದಾಯಿತು. ಒಳಗೆ ಬಂದವರು ನಿವೃತ್ತ ಡ್ರಾಯಿಂಗ್ ಟೀಚರ್. ಎಡಗಾಲು ಗಿಡ್ಡ, ಮೂವತ್ತು ವರ್ಷದಿಂದ ವರ್ಷಕ್ಕೊಂದು ಜೊತೆ ಶೂ ಅವರಿಗೆ ಇಲ್ಲಿಯೇ. ಮಗಳು ಶಾಲೆಯಲ್ಲಿ ಅವರ ಕೈಯಲ್ಲೇ ಕಿವಿ ಹಿಂಡಿಸಿಕೊಂಡು ಗೆರೆ ಎಳೆಯಲು ಕಲಿತವಳು.

“ಏನಯ್ಯಾ, ನಿನ್ನ ಗಂಟಲು ಬಸ್‌ಸ್ಟ್ಯಾಂಡಿಗೆ ಕೇಳಿಸ್ತಿದೆ,” ಎಂದು ಟೀಚರ್ ಕುರ್ಚಿಯಲ್ಲಿ ಕೂತರು.

“ಬನ್ನಿ ಟೀಚರ್, ನ್ಯಾಯ ನೀವೇ ಹೇಳಿ. ಈ ಹುಡುಗಿ ನಿಮ್ಮ ಕಾಲು ಕಳೀಬೇಕು ಅಂತ ಹೊಂಚು ಹಾಕಿದ್ದಾಳೆ!” ಎನ್ನುತ್ತಲೇ ತುತ್ತೂರಿ ಮಣೆಯ ಮೇಲೆ ಕೂತು ಅವರ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡ. ಶೂ ಬಿಚ್ಚಿ ಕಾಲುಚೀಲ ಜಾರಿಸಿದ. “ಹೊಲಿಗೆ ಒತ್ತಿದೆಯಾ ನೋಡ್ತೀನಿ, ಅಷ್ಟೇ,” ಎಂದು ಕಣ್ಣು ಮುಚ್ಚಿ ಹೆಬ್ಬೆರಳನ್ನು ಹಿಮ್ಮಡಿಯಿಂದ ಮುಂದಕ್ಕೆ ಮೆಲ್ಲಗೆ ಒಯ್ದ. ಎರಡು ವರ್ಷದಿಂದ ಹಳೇ ಗಿರಾಕಿ ಯಾರೇ ಬಂದರೂ ಅವನಿಗೆ ಈ ಹೊಲಿಗೆಯ ಚಿಂತೆ.

ಮಗಳು ಅದನ್ನು ನೋಡುತ್ತ ನಿಂತಳು. ಆಮೇಲೆ ಬಾಗಿಲಿಗೆ ಹೋಗಿ ಎದುರಂಗಡಿಯತ್ತ ಕೂಗಿದಳು. “ಮಾಮಾ! ಅಪ್ಪನ ಪಾಸ್‌ವರ್ಡ್ ಏನು?”

“ಚಕ್ರವರ್ತಿ, ಆಮೇಲೆ ಒಂದು ಎರಡು ಮೂರು!” ಎಂದು ಕ್ಷೌರಿಕ ಅಲ್ಲಿಂದಲೇ ಕೂಗಿದ. “ಯಾರಿಗೂ ಹೇಳಬೇಡ ಅಂದಿದ್ದಾನೆ!”

ತುತ್ತೂರಿ ಏಳಲು ಹೋದ. ತೊಡೆಯ ಮೇಲೆ ಟೀಚರ ಕಾಲಿತ್ತು. ಅಷ್ಟರಲ್ಲಿ ಮಗಳು ಪರದೆಯ ಮುಂದೆ ಕೂತಾಗಿತ್ತು.

“ಮೊದಲು ನಿಮ್ಮದೇ ತೆಗೀತೀನಿ ಟೀಚರ್.”

ಪರದೆಯ ಮೇಲೆ ಬೂದು ಬಣ್ಣದ ಎರಡು ಪಾದಗಳು ಮೆಲ್ಲನೆ ತಿರುಗತೊಡಗಿದವು. ಎರಡೂ ಒಂದೇ ಉದ್ದ, ಒಂದೇ ಎತ್ತರ, ಹಲಗೆಯಂತೆ ಅಗಲ. ಟೀಚರ್ ಕನ್ನಡಕವನ್ನು ಮೂಗಿನ ಮೇಲೇರಿಸಿ ಮುಂದಕ್ಕೆ ಬಾಗಿದರು.

“ಇದು ನನ್ನ ಕಾಲಾ? ನನ್ನ ಎಡಗಾಲು ಇಷ್ಟು ನೆಟ್ಟಗಿದ್ದಿದ್ರೆ ನಾನ್ಯಾಕಮ್ಮ ಈ ಬಾಯಿಬಡುಕನ ಹತ್ರ ಬರ್ತಿದ್ದೆ?”

ಮಗಳು ಚಿತ್ರವನ್ನು ದೊಡ್ಡದು ಮಾಡಿದಳು. ಆ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೇರಿ ಕೂತಿತ್ತು. ತನ್ನ ಆ ಕಾಲಿನ ಮೇಲೆ ಲಾರಿ ಹರಿದು ಲಾರಿಯ ಟೈರೇ ಒಡೆದುಹೋಯಿತೆಂದು ತುತ್ತೂರಿ ಊರಿಗೆಲ್ಲ ಹೇಳಿದ್ದ. ಆರು ವರ್ಷದವಳಿದ್ದಾಗ ಅದರ ಮೇಲೆ ಸುತ್ತಿಗೆ ಬೀಳಿಸಿದವಳು ಮಗಳೇ. ಅವಳು ಇನ್ನೊಂದು ಹೆಸರು ಒತ್ತಿದಳು. ಬಸ್ ಡ್ರೈವರ್: ಅದೇ ಪಾದ, ಅದೇ ಕಿರುಬೆರಳು. ಟೆಲಿಫೋನ್ ಆಫೀಸಿನ ಹೆಂಗಸು: ಅದೇ. ಅಂಚೆಯವನ ಒಂಬತ್ತು ವರ್ಷದ ಮಗಳು: ಅದೇ ತುತ್ತೂರಿಯ ಅಗಲ ಪಾದ. ಹತ್ತು ನೋಡಿದಳು, ಇಪ್ಪತ್ತು ನೋಡಿದಳು. ಒಂದೊಂದನ್ನೂ ಹಿಂದಿನದಕ್ಕಿಂತ ಜೋರಾಗಿ ಒತ್ತಿದಳು.

“ಮುನ್ನೂರ ಹನ್ನೆರಡೂ ನಿಂದೇನಾ?”

ತುತ್ತೂರಿ ಟೀಚರ ಕಾಲುಚೀಲವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

“ಅಪ್ಪ, ನಿನ್ನನ್ನೇ ಕೇಳ್ತಿರೋದು!”

ಅವಳು ಎದ್ದು ಹಿಂದಿನ ಕೋಣೆಯ ಬಾಗಿಲನ್ನು ದಢಾರನೆ ತೆರೆದಳು. ಆ ಕೋಣೆಯನ್ನು ತುತ್ತೂರಿಯೇ ಗುಡಿಸುತ್ತಿದ್ದ. ಮನೆಯಲ್ಲಿ ತಿಂದ ತಟ್ಟೆ ಎತ್ತದ ಮನುಷ್ಯ ಎರಡು ವರ್ಷದಿಂದ ಪೊರಕೆ ಹಿಡಿದಿದ್ದಾನೆಂದು ಅಮ್ಮ ನಕ್ಕಿದ್ದು ಅವಳಿಗೆ ಈಗ ನೆನಪಾಯಿತು. ಬೆಂಚಿನ ಕೆಳಗೆ ಒಂದು ಗೋಣಿಚೀಲವಿತ್ತು. ಯಂತ್ರ ಕೆತ್ತಿದರೆ ಉದುರುವುದು ಹಿಟ್ಟಿನಂಥ ಪುಡಿ. ಚೀಲದೊಳಗೆ ಇದ್ದದ್ದು ಉಳಿಯಿಂದ ಎದ್ದ ಸುರುಳಿ ಸುರುಳಿ ಮರ. ಒಂದು ಹಿಡಿ ತಂದು ಅವನ ಮುಂದೆ ಸುರಿದಳು.

“ಕೈಯಲ್ಲೇ ಕೆತ್ತಿದ್ದೀಯ! ಹಾಗಾದ್ರೆ ಬಾಗಿಲು ಹಾಕ್ಕೊಂಡು ಮೆಷಿನ್ ಓಡಿಸ್ತಿದ್ದೆಯಲ್ಲ?”

“ಖಾಲಿ ಓಡಿಸ್ತಿದ್ದೆ,” ಎಂದ ತುತ್ತೂರಿ. “ನಿನಗೆ ಸದ್ದು ಕೇಳಲಿ ಅಂತ.”

ಟೀಚರ್ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ. ಅವರ ದನಿ ಮಾತ್ರ ತರಗತಿಯ ದನಿಯಾಯಿತು. “ಎರಡು ವರ್ಷದಿಂದ ಹೊಲಿಗೆ ನೋಡ್ತೀನಿ ಅಂತ ನನ್ನ ಕಾಲು ಕದ್ದು ಅಳೀತಿದ್ಯಾ? ಎಲ್ಲಿ ಹೋಯ್ತು ನಿನ್ನ ಡಬ್ಬದಲ್ಲಿದ್ದಿದ್ದು? ನೆಟ್ಟಗೆ ಹೇಳು.”

“ಎರಡು ವರ್ಷದ ಹಿಂದೆ ಇವಳು ಮೆಷಿನ್ ಕಲಿಯೋಕೆ ಅಂತ ಮೂರು ದಿನ ಹೋಗಿದ್ಳಲ್ಲ, ಆಗ. ಇದೇ ಥರ ಒಂದು ಚೌಕ ಬಂತು. ಕ್ಷೌರದವನು ಪಕ್ಕದಲ್ಲೇ ನಿಂತಿದ್ದ. ‘ಮಗಳು ಬರಲಿ’ ಅಂದ. ನಾನು, ಮಗಳು ಯಾಕೆ ಬೇಕು, ನೋಡು ಹೇಗೆ ಮಾಡ್ತೀನಿ ಅಂದೆ.” ತುತ್ತೂರಿ ಮರದ ಸುರುಳಿಯೊಂದನ್ನು ಕೈಗೆತ್ತಿಕೊಂಡ. “ಅದು ಮೂರು ಸಲ ಏನೋ ಕೇಳ್ತು. ಮೂರು ಸಲವೂ ಹೌದು ಒತ್ತಿದೆ. ಕೊನೇದು, ಹಳೇದೆಲ್ಲ ಅಳಿಸಿ ಹೊಸದಾಗಿ ಶುರು ಮಾಡ್ಲಾ ಅಂತ. ಅವನ ಮುಂದೆ ಇಲ್ಲ ಅನ್ನೋಕೆ ಆಗ್ಲಿಲ್ಲ. ಹೆಸರುಗಳು ಉಳಿದ್ವು. ಕಾಲು ಹೋದ್ವು. ಪಟ್ಟಿ ಖಾಲಿ ಕಾಣಬಾರದಲ್ಲ... ನನ್ನ ಕಾಲೇ ಇಟ್ಟೆ.”

“ಬಸ್ ಡ್ರೈವರ್ ಹುಣ್ಣು ಮಾಡ್ಕೊಂಡು ಬಂದಿದ್ರು,” ಎಂದಳು ಮಗಳು. ಈಗ ಅವಳ ದನಿ ಒಡೆಯಿತು, ಒಡೆದು ಇನ್ನೂ ಚೂಪಾಯಿತು. “ನಾನು ಅವರ ಮುಖಕ್ಕೆ ಹೇಳಿದೆ, ಮೆಷಿನ್ ಸುಳ್ಳು ಹೇಳಲ್ಲ, ನೀವು ನಡೆಯೋದೇ ಸೊಟ್ಟ ಅಂತ. ನೀನು ಅಲ್ಲೇ ಕೂತಿದ್ದೆ. ತಲೆ ಆಡಿಸಿದೆ! ಆ ಮನುಷ್ಯ ಕ್ಷಮಿಸಮ್ಮ ಅಂತ ನನಗೇ ಹೇಳಿ ಹೋದ್ರು!”

ಬೀದಿಯಲ್ಲಿ ಯಾವ ಬ್ರೆಡ್ಡೂ ಕುಸಿಯಲಿಲ್ಲ. ಮೊದಲ ಗುಡುಗಿಗೂ ಕುಸಿದಿರಲಿಲ್ಲ; ಅರ್ಧ ಗಡ್ಡದವನೂ ಪೂರ್ತಿ ಬೋಳಿಸಿಕೊಂಡೇ ಎದ್ದು ಹೋಗಿದ್ದ.

ಮಗಳು ಪರದೆಯತ್ತ ತಿರುಗಿ ‘ಈಗಲೇ ಹಾಕು’ ಒತ್ತಿದಳು. ‘ಹಳೆಯ ಕಡತಗಳನ್ನು ಉಳಿಸಬೇಕೆ?’ ಎಂದು ಅದು ಕೇಳಿತು.

“ಉಳಿಸ್ಬೇಕಾ?” ಎಂದಳು, ತಿರುಗದೆಯೇ.

“ಹೊಸಬರದ್ದು ಉಳಿಸು. ಅವು ನೀನೇ ತೆಗೆದಿದ್ದು, ಸರಿಯಾಗಿವೆ.” ತುತ್ತೂರಿ ಕಾಲುಚೀಲವನ್ನು ನೆಲಕ್ಕಿಟ್ಟ. “ಆ ಮುನ್ನೂರ ಹನ್ನೆರಡು ಬೇಡ. ಅದರಲ್ಲಿ ಏನೂ ಇಲ್ಲ.”

ಪರದೆ ಕಪ್ಪಾಯಿತು. ನಡುವೆ ಒಂದು ಸಣ್ಣ ಬಿಳಿ ಉಂಗುರ ಸುತ್ತತೊಡಗಿತು. ಮಗಳು ಗೋಡೆಯ ಮೊಳೆಯಿಂದ ಫೋನ್ ನಂಬರುಗಳ ಹಳೇ ಪುಸ್ತಕ ಇಳಿಸಿ, ಒಂದು ಪುಟ ತೆರೆದು, ತನ್ನ ಫೋನನ್ನು ಅದರ ಮೇಲಿಟ್ಟು ಅವನ ಮುಂದೆ ಹಿಡಿದಳು. “ಎಲ್ಲರೂ ಬಂದು ಮತ್ತೆ ಗಾಜಿನ ಮೇಲೆ ಕಾಲಿಡಬೇಕು. ಮೊದಲು ಇವರು.”

“ಏನಂತ ಹೇಳ್ಲಿ?”

ಅವಳು ನಂಬರು ಒತ್ತಿದಳು. ಟೀಚರ ಬರಿಗಾಲು ಇನ್ನೂ ತುತ್ತೂರಿಯ ತೊಡೆಯ ಮೇಲಿತ್ತು. ಒಂದು ಕೈಯನ್ನು ಅದರ ಮೇಲೇ ಬಿಟ್ಟು ಇನ್ನೊಂದರಲ್ಲಿ ಫೋನು ಹಿಡಿದ. ಆ ಕಡೆ ಗಂಟೆ ಹೊಡೆಯಿತು, ಬಸ್ಸಿನ ಇಂಜಿನ್ನಿನ ಸದ್ದು ಕೇಳಿತು, ಯಾರೋ ಹಲೋ ಎಂದರು.

“ನಮಸ್ಕಾರ. ನಾನು, ಭೂಮಿ ಮೇಲಿನ ಅರ್ಧ—” ಎಂದು ಶುರುಮಾಡಿದವನು ನಿಲ್ಲಿಸಿದ. ಮಗಳು ಅವನನ್ನೇ ನೋಡುತ್ತಿದ್ದಳು.

“ನಾನು ಶೂ ಮಾಡೋನು, ಸರ್. ನಿಮ್ಮ ನಡಿಗೆ ಸರಿಯಾಗೇ ಇದೆ. ನಿಮ್ಮ ಕಾಲಿನ ಅಳತೆ ನಾನೇ ಕಳೆದ್ಹಾಕಿದ್ದೆ. ಅಂದಾಜಿನ ಮೇಲೆ ಮಾಡಿಕೊಟ್ಟೆ.”

ಆ ಕಡೆ ಇಂಜಿನ್ ನಿಂತಿತು. ತುತ್ತೂರಿ ಕಾದ. ಉಂಗುರ ಸುತ್ತುತ್ತಲೇ ಇತ್ತು. ಅವನ ಹೆಬ್ಬೆರಳು ಟೀಚರ ಹಿಮ್ಮಡಿಯ ಮೇಲೆ ಅಲುಗದೆ ಕೂತಿತ್ತು.