ಕರಿಬೊಟ್ಟಿನ ಶಾಲು

ಖಾನಾಪುರದ ಕಾರಭಾರಿಯವರ ಮನೆಯಲ್ಲಿ ಹುಟ್ಟಿದ ಕೂಸನ್ನು ರಾಜನ ಶಾಲಿನ ಮೇಲೆ ಮಲಗಿಸದೆ ಹೆಸರಿಡುವ ಪದ್ಧತಿಯೇ ಇರಲಿಲ್ಲ. ಶಾಲು ಅನ್ನುವುದು ಅವರು ಕರೆದ ಹೆಸರು, ಅಷ್ಟೇ. ನೋಡಿದರೆ ಅದು ಹೆಗಲ ಮೇಲೆ ಹಾಕಿಕೊಳ್ಳುವ ಅರ್ಧಚಂದ್ರದ ಆಕಾರದ ಒಂದು ತುಂಡು. ಒಳಗೆ ಹಳದಿಗಟ್ಟಿದ ರೇಷ್ಮೆ ಅಸ್ತರು, ಹೊರಗೆ ಕೈಯಿಟ್ಟರೆ ಕೈ ಮುಳುಗುವಂಥ ಮೆತ್ತನೆಯ ಬಿಳುಪು, ಆ ಬಿಳುಪಿನ ಮೇಲೆ ಎರಡು ಸಾಲು ಕಪ್ಪು ಕುಚ್ಚು. ವಿಲಾಯತಿ ಮಖಮಲ್ಲು ಎಂದು ಮನೆಯವರೆಲ್ಲ ಹೇಳುತ್ತಿದ್ದರು, ಊರವರೂ ನಂಬಿದ್ದರು.

ಅದು ಬಂದ ಕಥೆ ಹೀಗೆ. ಈ ಮನೆಯ ಹಿರಿಯ ಬಾಳಾಸಾಹೇಬ ಕಾರಭಾರಿಗಳು ಒಂದು ಸಣ್ಣ ಸಂಸ್ಥಾನದಲ್ಲಿ ಕೆಲಸಕ್ಕಿದ್ದರು. ಆ ಅರಸ ಹಡಗು ಹತ್ತಿ ಲಂಡನ್ನಿಗೆ ಅಲ್ಲಿಯ ರಾಜನ ಪಟ್ಟಾಭಿಷೇಕ ನೋಡಲು ಹೋದಾಗ ಇವರೂ ಹೋದರು. ಅಲ್ಲಿ ಅರಸ ಒಂದು ದರಬಾರಿ ಪೋಷಾಕು ಕೊಂಡ, ಊರಿಗೆ ಬಂದು ಸೆಕೆಗೆ ಒಮ್ಮೆಯೂ ತೊಡಲಾರದೆ ಕಾರಭಾರಿಗೆ ಕೊಟ್ಟುಬಿಟ್ಟ. ಅದರ ಕೆಂಪು ನಿಲುವಂಗಿಯನ್ನು ನುಸಿ ತಿಂದಿತು, ಸಂಸ್ಥಾನವನ್ನು ಸರಕಾರ ತಿಂದಿತು. ಉಳಿದದ್ದು ಈ ಹೆಗಲ ತುಂಡು. ಕೂಸುಗಳ ಪಾಲಿಗೆ ಅದನ್ನು ಕೊಟ್ಟವಳು ಕಾರಭಾರಿಗಳ ಹೆಂಡತಿ. "ಲಕ್ಷಗಟ್ಟಲೆ ಮಂದಿ ಕಣ್ಣು ರಾಜನ ಮ್ಯಾಲ ಬೀಳತಾವ. ದೃಷ್ಟಿ ಆಗಬಾರದಂತ ಆ ಶಾಣ್ಯಾರು ಉಡೂ ಅರಿವಿಗೇ ಕರಿಬೊಟ್ಟು ಇಟ್ಟಾರ" ಎಂದು ಆಕೆ ತೀರ್ಪು ಕೊಟ್ಟಳು. ಮಾತು ಎಷ್ಟು ಚೆನ್ನಾಗಿ ಕೂತಿತೆಂದರೆ ಆಮೇಲೆ ಯಾರೂ ಅದನ್ನು ಕೆದಕಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಆ ಮನೆಯ ಯಜಮಾನಿ ಕಾರಭಾರಿಗಳ ಸೊಸೆ ಸೋನಾಬಾಯಿ. ಗಂಡ ತೀರಿಕೊಂಡ ಮೇಲೆ ಆಕೆಯ ಜೈನ ವ್ರತ ನೇಮಗಳು ಇನ್ನೂ ಬಿಗಿಯಾಗಿದ್ದವು. ಸೋಸದ ನೀರು ಬಾಯಿಗೆ ಹಾಕಿದವಳಲ್ಲ, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟಿದವಳಲ್ಲ. ನೆಲದೊಳಗೆ ಬೆಳೆಯುವ ಬಟಾಟಿ, ಗಜ್ಜರಿ ಆಕೆಯ ಅಡಿಗೆಮನೆಯ ಮುಖ ಕಂಡಿರಲಿಲ್ಲ. ಇರುವೆ ಸಾಲು ಹೊಸ್ತಿಲು ದಾಟುತ್ತಿದೆಯೆಂದು ಒಮ್ಮೆ ಬೀಗರನ್ನೇ ಅಂಗಳದಲ್ಲಿ ನಿಲ್ಲಿಸಿದ್ದಳು. ಕೂಗಾಡುವ ಹೆಂಗಸಲ್ಲ. ಹೇಳಬೇಕಾದ ಮಾತನ್ನು ಒಂದೇ ಸಲ, ಮೆಲ್ಲಗೆ ಹೇಳಿ ಸುಮ್ಮನಾಗುವ ಚಾಳಿ ಆಕೆಯದು. ಬೈದು ಬಿಟ್ಟರೆ ಎಷ್ಟೋ ವಾಸಿ ಅಂತ ಆಳುಕಾಳುಗಳು ಮಾತಾಡಿಕೊಳ್ಳುತ್ತಿದ್ದರು.

ಸೊಸೆ ರತ್ನಮಾಲಾಳಿಗೂ ಆಕೆ ಹೇಳಿದ್ದು ಒಂದೇ ಮಾತು.

ರತ್ನಮಾಲಾ ಬೆಳಗಾವಿಯವಳು, ಇತಿಹಾಸದಲ್ಲಿ ಎಂ.ಎ. ಮಾಡಿ ಅಲ್ಲಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದಳು. ಗಂಡ ಭೀಮಗೊಂಡ ಖಾನಾಪುರದಲ್ಲಿ ಹೆಂಚಿನ ಕಾರಖಾನೆ ನಡೆಸುತ್ತಿದ್ದ. ಮದುವೆಯಾಗಿ ಬಹಳ ವರ್ಷಕ್ಕೆ ಗಂಡು ಕೂಸು ಹುಟ್ಟಿತು. ಹೆಸರಿಡುವ ದಿನ ತೊಟ್ಟಿಲಲ್ಲಿ ಶಾಲು ಹಾಸಿ ಮಲಗಿಸಿದರು. ನುಸಿ ಹತ್ತದಂತೆ ಪೆಟ್ಟಿಗೆಗೆ ಹಾಕಿದ್ದ ಡಾಂಬರು ಗುಳಿಗೆಯ ನಾತ ಅದಕ್ಕೆ ಇಡಿಯಾಗಿ ಅಂಟಿತ್ತು. ಕೂಸು ಸೀನಿತು, ಮತ್ತೆ ಮತ್ತೆ ಸೀನಿ ಮುಖ ಕೆಂಪಗೆ ಮಾಡಿಕೊಂಡು ಅಳತೊಡಗಿತು. ರತ್ನಮಾಲಾ ಬಂದ ಹೆಂಗಸರೆಲ್ಲರ ಎದುರು ಶಾಲನ್ನು ಎಳೆದು ಬಾಜೂಕಿಟ್ಟು, ಒಂದು ಹಳೆ ಸೀರೆ ಮಡಚಿ ಹಾಸಿದಳು. ಸೋನಾಬಾಯಿ ನೋಡಿದಳು, ಶಾಲನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು. ಕೂಸಿಗೆ ಸನ್ಮತಿ ಎಂದು ಹೆಸರಿಟ್ಟರು.

ಕುತ್ತಿಗೆ ನಿಲ್ಲುವ ಮೊದಲೇ ಸನ್ಮತಿ ಹೋಗಿಬಿಟ್ಟ. ಜ್ವರವಿಲ್ಲ, ಕೆಮ್ಮಿಲ್ಲ. ಮಧ್ಯಾಹ್ನ ಹಾಲು ಕುಡಿದು ಮಲಗಿದ ಕೂಸು ಏಳಲಿಲ್ಲ. ಬೆಳಗಾವಿಯಿಂದ ಕರೆಸಿದ ಡಾಕ್ಟರು ನೋಡಿ, "ಒಮ್ಮೊಮ್ಮೆ ಹಿಂಗ ಆಗತಾವರಿ" ಎಂದು ಹೇಳಿ ಚಹಾ ಕೂಡ ಕುಡಿಯದೆ ಹೋದರು. ಮಲಪ್ರಭೆಯ ದಂಡೆಯಲ್ಲಿ ಮಣ್ಣು ಮಾಡಿ ಗಂಡಸರು ತಿರುಗಿ ಬಂದ ಸಂಜೆ ಸೋನಾಬಾಯಿ ಸೊಸೆಯ ಹತ್ತಿರ ಕೂತು ಅಂದಳು: "ಶಾಲಿನ ಮ್ಯಾಲ ಮಲಗಿದ್ರ ಉಳೀತಿತ್ತು."

ರತ್ನಮಾಲಾ ಅಳಲಿಲ್ಲ. ಅಳಲಿ ಎಂದು ನೆರೆಯ ಹೆಂಗಸರು ಕೂಸಿನ ಅಂಗಿ ತಂದು ಮುಂದಿಟ್ಟರು, ಅವಳು ಅದನ್ನು ಮಡಚಿ ಕಪಾಟಿನಲ್ಲಿಟ್ಟಳು. ರಜೆ ಮುಗಿದ ಮೇಲೆ ಮುಂಜಾನೆಯ ಪ್ಯಾಸೆಂಜರ್ ರೈಲಿಗೆ ಬೆಳಗಾವಿಗೆ ಹೋಗಿ ಪಾಠ ಮಾಡಿ ಸಂಜೆ ಬರತೊಡಗಿದಳು. ಉಂಡಳು, ಉಣ್ಣಿಸಿದಳು, ಹಬ್ಬಕ್ಕೆ ಹೋಳಿಗೆಯನ್ನೂ ಮಾಡಿದಳು. ಜೋಮು ಹಿಡಿದ ಕಾಲಿನ ಹಾಗೆ ಇಡೀ ಮೈ ಆಗಿತ್ತು, ಇದ್ದೂ ತನ್ನದಲ್ಲ. ಅತ್ತೆಯ ಮೇಲೆ ಸಿಟ್ಟು ಬಂತೇ ಎಂದು ಕೇಳಿದರೆ, ಇಲ್ಲ. ಸಿಟ್ಟು ಬರಬೇಕಾದರೆ ಆ ಮಾತು ಸುಳ್ಳೆನ್ನಿಸಬೇಕಿತ್ತು. ಎಂ.ಎ. ಓದಿದ ತಲೆ ಸುಳ್ಳೆಂದಿತು. ಉಳಿದದ್ದೆಲ್ಲ ಹೌದೆಂದಿತು.

ಮರುವರ್ಷ ಒಂದು ದಿನ ಒಂಬತ್ತನೆಯ ಇಯತ್ತೆಗೆ ಫ್ರಾನ್ಸಿನ ಕ್ರಾಂತಿಯ ಪಾಠ ನಡೆದಿತ್ತು. ಗೋಡೆಗೆ ತೂಗುಹಾಕಿದ ಬಣ್ಣದ ಚಿತ್ರದಲ್ಲಿ ಅಲ್ಲಿಯ ಅರಸ ನೆಲಕ್ಕೆ ಹಾಸುವಷ್ಟು ಉದ್ದದ ಪೋಷಾಕು ತೊಟ್ಟು ನಿಂತಿದ್ದ. "ನೋಡ್ರಿ, ರೈತನ ಮನ್ಯಾಗ ರೊಟ್ಟಿ ಇಲ್ಲ, ಇವನ ಠೀವಿ ನೋಡ್ರಿ" ಎನ್ನುತ್ತ ಕೋಲು ತೋರಿಸಿದ ರತ್ನಮಾಲಾ ಅಲ್ಲೇ ನಿಂತಳು. ಅರಸನ ಅಂಗಿಯ ಮಡಿಕೆಯಲ್ಲಿ ಬಿಳುಪಿನ ಮೇಲೆ ಅವೇ ಕಪ್ಪು ಕುಚ್ಚು. ಎಷ್ಟೋ ಸಲ ನೋಡಿದ ಚಿತ್ರ ಅದು. ಮನೆಯ ಶಾಲನ್ನು ಅವಳು ಸರಿಯಾಗಿ ನೋಡಿದ್ದು ಒಂದೇ ಸಲ, ಅದೂ ಕೂಸು ಅಳುತ್ತಿದ್ದಾಗ.

ಸಂಜೆ ಊರಿಗೆ ಹೋಗುವ ಗಾಡಿ ಬಿಟ್ಟು ತಾನು ಓದಿದ ಕಾಲೇಜಿನ ಗ್ರಂಥಾಲಯಕ್ಕೆ ಹೋದಳು. ಯುರೋಪಿನ ದರಬಾರಿ ಉಡುಪಿನ ಬಗ್ಗೆ ಸಿಕ್ಕಿದ್ದನ್ನು ಓದಿದಳು. ಅರ್ಮಿನ್ ಎಂಬ ಹೆಸರಿನ, ನಮ್ಮ ಮುಂಗುಸಿಯ ಹಾಗೆ ಮೈ ಉದ್ದವಿರುವ ಒಂದು ಪುಟ್ಟ ಪ್ರಾಣಿ. ಬೇಸಿಗೆಯಲ್ಲಿ ಕಂದು, ಹಿಮ ಬಿದ್ದಾಗ ಬೆಳ್ಳಗಾಗುತ್ತದೆ, ಬಾಲದ ತುದಿ ಮಾತ್ರ ಯಾವಾಗಲೂ ಕಪ್ಪು. ಅದನ್ನು ಚಳಿಗಾಲದಲ್ಲೇ ಹಿಡಿದು ಕೊಲ್ಲುತ್ತಾರೆ, ತೊಗಲನ್ನು ಒಂದಕ್ಕೊಂದು ಹೊಲಿಯುತ್ತಾರೆ. ಒಂದೊಂದು ಕಪ್ಪು ಕುಚ್ಚು ಒಂದೊಂದರ ಬಾಲ. ಸಾಮಾನ್ಯರು ಅದನ್ನು ತೊಡಬಾರದೆಂದು ಹಿಂದೆ ಕಾಯಿದೆಯೇ ಇತ್ತು. ಇಂಗ್ಲೆಂಡಿನಲ್ಲಿ ಪಟ್ಟಾಭಿಷೇಕದ ದಿನ ಸರದಾರರ ದರ್ಜೆಯನ್ನು ಹೆಗಲ ಮೇಲಿನ ಕಪ್ಪು ಸಾಲಿನಿಂದ ಗುರುತಿಸುತ್ತಿದ್ದರು. ನಾಲ್ಕು ಸಾಲಿದ್ದವನು ಎಲ್ಲರಿಗಿಂತ ಮೇಲೆ, ಎರಡೇ ಸಾಲಿದ್ದವನು ಎಲ್ಲರಿಗಿಂತ ಕೆಳಗೆ. ಅಂದರೆ ಖಾನಾಪುರದ ಈ ಎರಡು ಸಾಲಿನ ರಾಜನ ಶಾಲು ರಾಜನದೂ ಅಲ್ಲ. ಬೇರೆ ದಿನವಾಗಿದ್ದರೆ ರತ್ನಮಾಲಾ ನಗುತ್ತಿದ್ದಳು. ಮೈಗೆ ಕೆಸರು ಹತ್ತಿಸಿಕೊಳ್ಳುವುದಕ್ಕಿಂತ ಸಾಯುವುದೇ ಲೇಸೆಂದು ಆ ಪ್ರಾಣಿ ಬೇಟೆಗಾರನ ಕೈಗೆ ಸಿಗುತ್ತದೆ ಎಂದು ಅಲ್ಲಿಯ ಹಳಬರು ನಂಬಿದ್ದರಂತೆ. ಅದನ್ನು ಓದಿದಾಗ ಅವಳಿಗೆ ಅತ್ತೆಯ ನೆನಪಾಯಿತು. ಪುಸ್ತಕ ತಿರುಗಿ ಕೊಟ್ಟು ಕೊನೆಯ ಬಸ್ಸು ಹಿಡಿದಳು. ದಾರಿಯುದ್ದಕ್ಕೂ ಏನಾದರೂ ಅನ್ನಿಸೀತೆಂದು ಕಾದಳು, ಏನೂ ಅನ್ನಿಸಲಿಲ್ಲ.

ಮನೆಯಲ್ಲಿ ಆಗ ನಾದಿನಿ ಅಕ್ಕಾತಾಯಿ ಬಾಣಂತಿ. ಹೆಣ್ಣು ಕೂಸು. ಹೆಸರಿಡುವ ಮುನ್ನಾದಿನ ಸೋನಾಬಾಯಿ ಪೆಟ್ಟಿಗೆಯ ಕೀಲಿ ಕೊಟ್ಟು, "ಶಾಲು ಬಿಸಲಿಗಿ ಹಾಕವ್ವಾ, ನಾತಾ ಹೋಗಲಿ" ಎಂದಳು. ರತ್ನಮಾಲಾ ಅದನ್ನು ಹಿತ್ತಲಿಗೆ ಒಯ್ದಳು. ಅಸ್ತರಿನ ಹೊಲಿಗೆಯನ್ನು ಕತ್ತರಿಯಿಂದ ಗೇಣುದ್ದ ಬಿಚ್ಚಿ ಒಳಗೆ ನೋಡಿದಳು. ಒಣಗಿ ಬಿರುಸಾದ ಹಳದಿ ತೊಗಲು, ಅಂಗೈಯಗಲದ ತುಂಡಿಗೆ ತುಂಡು ಸೇರಿಸಿ ಹೊಲಿದದ್ದು.

ಮಧ್ಯಾಹ್ನದ ಊಟಕ್ಕೆ ಬಂದ ಭೀಮಗೊಂಡನನ್ನು ಹಿತ್ತಲಿಗೆ ಕರೆದು ತೋರಿಸಿದಳು.

"ಏನಿದು?" ಎಂದ ಭೀಮಗೊಂಡ.

"ತೊಗಲರಿ. ಪ್ರಾಣಿ ತೊಗಲು. ಈ ಕರೇವೆಲ್ಲಾ ಬಾಲ."

ಅವನು ಬಾಗಿ ನೋಡಿದ, ಬೆರಳಿಂದ ಒತ್ತಿದ, ಧೋತರಕ್ಕೆ ಬೆರಳು ಒರಸಿಕೊಂಡ. ತಾನೂ ಹುಟ್ಟಿದಾಗ ಇದರ ಮೇಲೇ ಮಲಗಿದವನು. "ಯಾರ ಮುಂದರ ಹೇಳೀಯೇನು?"

"ಇಲ್ಲ."

"ಹೊಲದುಬಿಡು. ಅವ್ವಗ ಗೊತ್ತಾದ್ರ ಅನ್ನಾ ನೀರು ಬಿಡ್ತಾಳ."

"ನಾ ಕೂಸಿನ ಕೆಳಗಿಂದ ಇದನ್ನ ತಗದೆ ಅಂತ ನೀವೂ ಮನಸಿನ್ಯಾಗ ಇಟಗೊಂಡೀರಿ" ಎಂದಳು ರತ್ನಮಾಲಾ. ದನಿಯಲ್ಲಿ ಏರಿಳಿತವಿರಲಿಲ್ಲ.

ಭೀಮಗೊಂಡ ಇಲ್ಲವೆನ್ನಲಿಲ್ಲ. ಪಾಪ, ಒಳ್ಳೆಯವನೇ, ಸುಳ್ಳು ಬರುತ್ತಿರಲಿಲ್ಲ. "ಈಗ ಅದನ್ನ ತಗದು ಏನು ಮಾಡೂದೈತಿ ರತ್ನಾ? ಹೊಲಿ" ಎಂದು ಕೈತೊಳೆಯಲು ಹೋದ. ಅವಳು ಸೂಜಿದಾರ ತಂದು ಹೊಲಿದಳು. ಹೊಲಿಗೆ ನೇರವಾಗಿ ಬಂತು.

ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಆದರೆ ಮರುದಿನ ಜನ ಬರುವ ಮೊದಲು ಸೋನಾಬಾಯಿ ಸೊಸೆಯನ್ನು ಒಳಮನೆಗೆ ಕರೆದಳು. ಮಡಿ ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಶಾಲು ತೊಡೆಯ ಮೇಲಿತ್ತು, ಕಪ್ಪು ಕುಚ್ಚುಗಳನ್ನು ಒಂದೊಂದಾಗಿ ಬೆರಳಿಂದ ಬಿಡಿಸುತ್ತಿದ್ದಳು.

"ರತ್ನಾ, ಇವತ್ತ ನೀ ತೊಟ್ಟಿಲ ಹಂತ್ಯಾಕ ಬರಬ್ಯಾಡವ್ವಾ. ಅಡಗಿ ಮನ್ಯಾಗ ಇರು."

ರತ್ನಮಾಲಾ ಅತ್ತೆಯ ಮುಂದೆ ಕೂತು ಶಾಲನ್ನು ಎಳೆದುಕೊಂಡು, ತಾನೇ ಹಾಕಿದ ಹೊಲಿಗೆಯನ್ನು ಹಲ್ಲಿನಿಂದ ಕಡಿದು ಬಿಚ್ಚಿದಳು. ಅತ್ತೆಯ ಕೈ ಹಿಡಿದು ಅಸ್ತರಿನ ಒಳಗೆ ತೂರಿಸಿದಳು. "ಹಿಡದು ನೋಡ್ರಿ ಅತ್ಯಾರ. ಅರಿವಿ ಅಲ್ಲ." ಓದಿದ್ದನ್ನೆಲ್ಲ ಹೇಳಿದಳು, ಹಿಮ, ಬೇಟೆ, ಬಾಲ, ಒಂದನ್ನೂ ಬಿಡಲಿಲ್ಲ. ತರಗತಿಯಲ್ಲಿ ಹೇಳುವ ಹಾಗೇ ಹೇಳಿದಳು. ಅತ್ತೆಯ ವ್ರತ ಕೆಡಬಾರದೆಂಬ ಕಾಳಜಿಯಿಂದ ಹೇಳಿದಳೆಂದು ಎಷ್ಟೋ ದಿನದ ಮೇಲೆ ಸಂಗತಿ ತಿಳಿದ ಅಕ್ಕಾತಾಯಿ ಅಂದಳಂತೆ, ನಂಬಬೇಡಿ. ಅವಳಿಗೆ ಬೇಕಾದದ್ದು ಒಂದೇ ಮಾತು. ತಪ್ಪು ನಿನ್ನದಲ್ಲ ಎನ್ನುವುದನ್ನು ಆ ಬಾಯಿಂದಲೇ ಕೇಳಬೇಕಿತ್ತು.

ಸೋನಾಬಾಯಿಯ ಕೈ ಒಳಗೇ ಇತ್ತು. ಕಣ್ಣಿಗೆ ಪೊರೆ ಬಂದಿದ್ದರೂ ಬೆರಳು ಚುರುಕಾಗಿದ್ದವು. ತೊಗಲಿನಿಂದ ತೊಗಲಿಗೆ ಹೊಲಿಗೆಯ ಗುಂಟ ಹೋದವು, ಇನ್ನೊಂದು ಹೊಲಿಗೆಗೆ ಹೋದವು.

"ಎಲ್ಲಾ ಮಕ್ಕಳನೂ ಇದರ ಮ್ಯಾಲ ಮಲಗಿಸೀನಿ" ಎಂದಳು.

ಕೈ ಹೊರತೆಗೆದು ಬಚ್ಚಲಿಗೆ ಹೋದಳು. ಉಟ್ಟ ಸೀರೆಯ ಮೇಲೇ ಕೊಡಗಟ್ಟಲೆ ತಣ್ಣೀರು ಸುರಿದುಕೊಳ್ಳುವುದು ಒಳಗೆ ಕೇಳಿಸಿತು. ಬೇರೆ ಸೀರೆ ಉಟ್ಟು ಹೊರಬಂದಾಗ ಹೆಂಗಸರು ಸೇರತೊಡಗಿದ್ದರು. ಅಕ್ಕಾತಾಯಿ ಶಾಲು ಕೇಳಿದಳು. "ನುಸಿ ತಿಂದೈತಿ. ಸೀರಿ ಹಾಸ್ರಿ" ಎಂದು ಸೋನಾಬಾಯಿ ಎಲ್ಲರ ಮುಂದೆ ಸುಳ್ಳು ಹೇಳಿದಳು. ಆ ಮನೆಯಲ್ಲಿ ಆಕೆಯ ಬಾಯಿಂದ ಸುಳ್ಳು ಬಂದದ್ದನ್ನು ಯಾರೂ ಕೇಳಿರಲಿಲ್ಲ, ಆದ್ದರಿಂದ ಎಲ್ಲರೂ ನಂಬಿದರು.

ಹೊರಗೆ ತೊಟ್ಟಿಲ ಪದ ಶುರುವಾಯಿತು. ಸೋನಾಬಾಯಿ ಅಲ್ಲಿ ನಿಲ್ಲದೆ ಒಳಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು. ರತ್ನಮಾಲಾ ಕೂತಲ್ಲೇ ಇದ್ದಳು. ಅತ್ತೆ ಬಂದು ಬಾಜೂಕೆ ಬರಿನೆಲದ ಮೇಲೆ ಕೂತಳು. ಕೂದಲಿಂದ ಇನ್ನೂ ನೀರು ಇಳಿಯುತ್ತಿತ್ತು.

"ನಿನ್ನ ಕೂಸನ್ನ ಅದರ ಮ್ಯಾಲಿಂದ ನೀ ಎತ್ತಿದಿ, ಚಲೋ ಮಾಡಿದಿ. ನಿಂದೇನೂ ತಪ್ಪಿಲ್ಲ ಯವ್ವಾ. ಆ ಮಾತು ನಾ ಆಡಬಾರದಿತ್ತು."

ಬೇಕಾಗಿದ್ದ ಮಾತು ಬಂದೇಬಿಟ್ಟಿತು, ಕೇಳಿದ್ದಕ್ಕಿಂತ ಹೆಚ್ಚೇ ಬಂತು. ಹಗುರಾದೀತು ಎಂದು ರತ್ನಮಾಲಾ ಕಾದಳು. ಹಗುರಾಗಲಿಲ್ಲ.

"ನಂದು ತಪ್ಪಿಲ್ಲಂದ್ರ ಅವ ಯಾಕ ಹೋದ, ಅತ್ಯಾರ?"

ಸೋನಾಬಾಯಿ ಕರ್ಮ ಅನ್ನಬಹುದಿತ್ತು. ಬಸದಿಯಲ್ಲಿ ಕೇಳಿದ ಅಂಥ ಮಾತುಗಳು ಆಕೆಯಲ್ಲಿ ಬೇಕಾದಷ್ಟಿದ್ದವು, ಬೇರೆಯವರ ಮನೆಗೆ ಹೋಗಿ ಎಷ್ಟೋ ಸಲ ಹೇಳಿ ಬಂದಿದ್ದಳು.

"ನಂಗ ಗೊತ್ತಿಲ್ಲವ್ವಾ" ಎಂದಳು.

ಹೊರಗೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದರು, ಹೆಂಗಸರು ನಕ್ಕರು. ಇಷ್ಟು ದಿನ ರತ್ನಮಾಲಾ ಹಾಸಿಗೆಯಲ್ಲಿ ಕಣ್ಣು ಮುಚ್ಚಿದ ಕೂಡಲೇ ಮನಸ್ಸಿನಲ್ಲೇ ಸನ್ಮತಿಗೆ ಹೆಸರಿಟ್ಟ ದಿನಕ್ಕೆ ಹೋಗುತ್ತಿದ್ದಳು. ಹೋಗಿ, ಕೂಸು ಎಷ್ಟು ಅತ್ತರೂ ಶಾಲನ್ನು ತೆಗೆಯದೆ ಸುಮ್ಮನೆ ನಿಲ್ಲುತ್ತಿದ್ದಳು. ಅಲ್ಲಿ ಸನ್ಮತಿ ಬದುಕುತ್ತಿದ್ದ, ಅಂಬೆಗಾಲಿಡುತ್ತಿದ್ದ, ಮೊನ್ನೆ ಮೊನ್ನೆ ನಡೆಯಲೂ ಕಲಿತಿದ್ದ. ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಇನ್ನು ಆ ದಿನಕ್ಕೆ ಹೋಗಿ ಮಾಡುವುದೇನೂ ಇರಲಿಲ್ಲ. ಶಾಲು ತೆಗೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ಕೂಸು ಸತ್ತಿತ್ತು. ರತ್ನಮಾಲಾ ಅತ್ತೆಯ ಒದ್ದೆ ಹೆಗಲಿಗೆ ಮುಖವಿಟ್ಟು ಅಳತೊಡಗಿದಳು.